ಮೆಚ್ಚಿನ ಕಥೆ ರಂಗದ ಮೇಲೆ ಮುಂದುವರಿದಾಗ: ಮ್ಯೂಸಿಕಲ್ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನೀವು ಹಚ್ಚಿಕೊಂಡ ಕಥೆಯೊಂದು ಮುಗಿದು ವರ್ಷಗಳೇ ಆಗಿರುತ್ತವೆ. ಒಂದು ದಿನ ಅದರ ಮುಂದಿನ ಭಾಗ ಬರುತ್ತಿದೆ ಎಂಬ ಸುದ್ದಿ ಕಿವಿಗೆ ಬೀಳುತ್ತದೆ. ಪುಸ್ತಕವೂ ಅಲ್ಲ, ಸಿನಿಮಾನೂ ಅಲ್ಲ. ಹಾಡು, ಕುಣಿತ, ಆರ್ಕೆಸ್ಟ್ರಾ ಸಮೇತ ರಂಗದ ಮೇಲೆ. ಅರ್ಧ ಖುಷಿ, ಅರ್ಧ ದಿಗಿಲು. ನನಗೂ ಮೊದಲ ಸಲ ಹಾಗೇ ಆಗಿತ್ತು. ಆಮೇಲೆ ಇಂಥ ಶೋಗಳ ಹುಚ್ಚು ಹಿಡಿಯಿತು. ಈಗ ಯಾರಾದರೂ ಟಿಕೆಟ್ ತೆಗೆದುಕೊಂಡರೆ ಮೊದಲು ನನಗೆ ಫೋನ್ ಮಾಡುತ್ತಾರೆ. ಅವರು ಕೇಳುವ ಪ್ರಶ್ನೆಗಳೇ ಇಲ್ಲಿವೆ. ಕಥೆಗಳ ಗುಟ್ಟನ್ನು ಆದಷ್ಟು ಬಿಟ್ಟುಕೊಡದೆ ಉತ್ತರಿಸಿದ್ದೇನೆ.

ಮ್ಯೂಸಿಕಲ್ ಅಂದರೆ ಹಾಡುಗಳಿರುವ ನಾಟಕ, ಅಷ್ಟೇ ತಾನೇ?

ಅಷ್ಟೇ ಅಂದರೂ ತಪ್ಪಿಲ್ಲ. ಆದರೆ ಇಲ್ಲಿ ಹಾಡು ಬಂದಾಗ ಕಥೆ ನಿಲ್ಲುವುದಿಲ್ಲ. ಹಾಡಿನೊಳಗೇ ಕಥೆ ನಡೆಯುತ್ತದೆ. ಹಾಡು ಶುರುವಾದಾಗ ಒಂದು ಮನಸ್ಸಿನಲ್ಲಿದ್ದ ಪಾತ್ರ, ಮುಗಿಯುವಾಗ ಇನ್ನೊಂದು ತೀರ್ಮಾನಕ್ಕೆ ಬಂದಿರುತ್ತದೆ. ಹಾಗಾಗಿ "ಹಾಡು ಬಂತು, ಹೊರಗೆ ಹೋಗಿ ಬರೋಣ" ಅನ್ನುವ ಸಿನಿಮಾ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಹೋಗಿ ಬಂದರೆ ಮದುವೆ ಮುರಿದಿರುತ್ತದೆ, ನಿಮಗೆ ಯಾಕೆ ಅಂತ ಗೊತ್ತಿರುವುದಿಲ್ಲ.

ಕೆಲವು ಮ್ಯೂಸಿಕಲ್‌ಗಳಲ್ಲಿ ಮಾತು ಮತ್ತು ಹಾಡು ಸಮ ಇರುತ್ತವೆ. ಇನ್ನು ಕೆಲವು ಶುರುವಿನಿಂದ ಕೊನೆಯವರೆಗೂ ಹಾಡಿನಲ್ಲೇ ಸಾಗುತ್ತವೆ. ಎರಡನೆಯ ಥರದ್ದಾದರೆ ಕಿವಿ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕಾಗುತ್ತದೆ. ಗಾಬರಿ ಬೇಡ.

ಮುಂದುವರಿದ ಕಥೆ ಅಂದರೆ ಯಾವಾಗಲೂ ಸೀಕ್ವೆಲ್ ಅಂತಲೇನಾ?

ಇಲ್ಲ. ಟಿಕೆಟ್ ತೆಗೆಯುವ ಮೊದಲು ಇದನ್ನು ತಿಳಿದುಕೊಂಡರೆ ನಿರಾಸೆ ಅರ್ಧ ಕಡಿಮೆಯಾಗುತ್ತದೆ.

ಒಂದು, ನೇರವಾಗಿ ಮುಂದಕ್ಕೆ ಹೋಗುವ ಕಥೆ. 'ದಿ ಫ್ಯಾಂಟಮ್ ಆಫ್ ದಿ ಆಪೆರಾ' 1986ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಅದೇ ಪಾತ್ರಗಳನ್ನು ಹತ್ತು ವರ್ಷ ಮುಂದಕ್ಕೆ, ಪ್ಯಾರಿಸ್‌ನಿಂದ ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ಗೆ ಕರೆದೊಯ್ದದ್ದು 'ಲವ್ ನೆವರ್ ಡೈಸ್'. ಅದು 2010ರಲ್ಲಿ ಬಂತು.

ಎರಡು, ಹಿಂದಕ್ಕೆ ಹೋಗಿ ಪಕ್ಕದಲ್ಲಿ ನಿಂತು ನೋಡುವ ಕಥೆ. 2003ರ 'ವಿಕೆಡ್' ಇದಕ್ಕೆ ಒಳ್ಳೆಯ ಉದಾಹರಣೆ. ಎಲ್ಲರಿಗೂ ಗೊತ್ತಿದ್ದ 'ವಿಝರ್ಡ್ ಆಫ್ ಓಜ್' ಕಥೆಯಲ್ಲಿ ಖಳನಾಯಕಿಯಾಗಿದ್ದ ಮಾಟಗಾತಿ ಇಲ್ಲಿ ನಾಯಕಿ. ಆ ಹಳೆಯ ಕಥೆಯ ನಾಯಕಿ ಡೊರೊಥಿ ಬರುವುದಕ್ಕೂ ಮೊದಲೇ ಕಥೆ ಶುರುವಾಗುತ್ತದೆ. ಆಮೇಲೆ ನಮಗೆ ಗೊತ್ತಿರುವ ಕಥೆಯ ಬೆನ್ನಹಿಂದೆ ಓಡುತ್ತದೆ.

ಮೂರು, "ಹೀಗಾಗಿದ್ದರೆ?" ಅನ್ನುವ ಕಥೆ. 2019ರಲ್ಲಿ ಬಂದ 'ಆಂಡ್ ಜೂಲಿಯೆಟ್'ನಲ್ಲಿ ಜೂಲಿಯೆಟ್ ಸಾಯುವುದೇ ಇಲ್ಲ. ಅಲ್ಲಿಂದ ಮುಂದೆ ಅವಳ ಬದುಕು. ಹಾಡುಗಳೂ ಹೆಚ್ಚಿನವು ಹೊಸವಲ್ಲ. ಮ್ಯಾಕ್ಸ್ ಮಾರ್ಟಿನ್ ಬೇರೆ ಬೇರೆ ಗಾಯಕರಿಗಾಗಿ ಬರೆದ ಪಾಪ್ ಹಾಡುಗಳನ್ನೇ ಕಥೆಗೆ ಹೊಂದಿಸಿದ್ದಾರೆ. ಶೇಕ್ಸ್‌ಪಿಯರ್‌ನ ದುಃಖದಲ್ಲಿ ಮುಳುಗೋಣ ಅಂತ ಹೋದವರು ಕುಣಿದು ಬರುತ್ತಾರೆ.

ಮೊದಲ ಕಥೆ ಗೊತ್ತಿಲ್ಲದೆ ಹೋದರೆ ಅರ್ಥ ಆಗುತ್ತಾ?

ಕಥೆ ಅರ್ಥವಾಗುತ್ತದೆ. ಸಾವಿರಾರು ಆಸನ ತುಂಬಬೇಕಾದ ನಾಟಕವನ್ನು ಬರೀ ಅಭಿಮಾನಿಗಳನ್ನು ನೆಚ್ಚಿಕೊಂಡು ಯಾರೂ ಬರೆಯುವುದಿಲ್ಲ. ಹಿಂದೆ ಏನಾಯಿತು ಅನ್ನುವುದನ್ನು ಮೊದಲ ಹದಿನೈದು ನಿಮಿಷದಲ್ಲಿ ಹೇಗಾದರೂ ತುರುಕಿರುತ್ತಾರೆ.

ಆದರೆ ಸುತ್ತ ಕೂತವರು ಯಾಕೆ ಒಮ್ಮೆಲೇ ಉಸಿರು ಬಿಗಿಹಿಡಿದರು ಅನ್ನುವುದು ನಿಮಗೆ ಗೊತ್ತಾಗುವುದಿಲ್ಲ. ಒಂದು ಮುಖವಾಡ, ಒಂದು ಟೊಪ್ಪಿ, ಒಂದು ಜೊತೆ ಚಪ್ಪಲಿ ವೇದಿಕೆಯ ಮೇಲೆ ಬಂದರೆ ಸಾಕು, ಗೊತ್ತಿದ್ದವರ ಮೈ ಜುಮ್ಮೆನ್ನುತ್ತದೆ. ಗೊತ್ತಿಲ್ಲದವರಿಗೆ ಅದು ಬರೀ ಚಪ್ಪಲಿ. ಜೊತೆಗೆ ಬರುವ ಸ್ನೇಹಿತರಿಗೆ ಒಂದು ಸಂಜೆ ಕೂರಿಸಿಕೊಂಡು ಕಥೆ ಹೇಳಿ. ಅರ್ಧ ಗಂಟೆ ಸಾಕು.

ಹಾಗಾದರೆ ಹೋಗುವ ಮೊದಲು ಹಳೆಯದನ್ನು ಇನ್ನೊಮ್ಮೆ ನೋಡಲಾ?

ನೋಡಿ, ಆದರೆ ಹಿಂದಿನ ದಿನ ಬೇಡ. ಹಳೆಯದು ತೀರಾ ತಾಜಾ ಇದ್ದರೆ ಹೊಸದರ ಪ್ರತಿ ಸಾಲನ್ನೂ ತಕ್ಕಡಿಗೆ ಹಾಕುತ್ತಾ ಕೂರುತ್ತೀರಿ. ಒಂದೆರಡು ವಾರ ಮೊದಲು ನೋಡಿ, ಸ್ವಲ್ಪ ಮಸುಕಾಗಲು ಬಿಡಿ.

ಯಾವ ಹಳೆಯದು ಅನ್ನುವುದೂ ಮುಖ್ಯ. ಒಂದೇ ಕಥೆ ಪುಸ್ತಕದಲ್ಲಿ ಒಂದು ಥರ, ಸಿನಿಮಾದಲ್ಲಿ ಒಂದು ಥರ ಇರುತ್ತದೆ. ರಂಗದ ಮೇಲೆ ಮುಂದುವರಿಯುತ್ತಿರುವುದು ಅವುಗಳಲ್ಲಿ ಯಾವುದು? 'ಲವ್ ನೆವರ್ ಡೈಸ್' ಮುಂದುವರಿಸುವುದು 1986ರ ಮ್ಯೂಸಿಕಲ್ ಅನ್ನು. ಅದಕ್ಕೆ ಮೂಲವಾದ ಫ್ರೆಂಚ್ ಕಾದಂಬರಿಯನ್ನಲ್ಲ. ಕಾದಂಬರಿಯ ಕೊನೆ ನೆನಪಿಟ್ಟುಕೊಂಡು ಹೋದರೆ "ಈ ಫ್ಯಾಂಟಮ್ ಇನ್ನೂ ಬದುಕಿದ್ದಾನಾ?" ಅಂತ ಮೊದಲ ದೃಶ್ಯದಲ್ಲೇ ತಲೆ ಕೆರೆದುಕೊಳ್ಳುತ್ತೀರಿ.

'ವಿಕೆಡ್' ಇನ್ನೂ ಮಜಾ. 1900ರ ಮಕ್ಕಳ ಪುಸ್ತಕ, 1939ರ ಸಿನಿಮಾ, 1995ರ ಕಾದಂಬರಿ, ಆಮೇಲೆ ಮ್ಯೂಸಿಕಲ್. ಪುಸ್ತಕದಲ್ಲಿ ಡೊರೊಥಿಯ ಪಾದರಕ್ಷೆ ಬೆಳ್ಳಿಯದು. ಸಿನಿಮಾದಲ್ಲಿ ಮಾಣಿಕ್ಯದ ಕೆಂಪು. ಆ ಕೆಂಪು ಸಿನಿಮಾದವರ ಸ್ವತ್ತು, ಬೇರೆಯವರು ಸುಮ್ನೆ ಎತ್ತಿಕೊಳ್ಳುವ ಹಾಗಿಲ್ಲ. ಮ್ಯೂಸಿಕಲ್‌ನವರು ಏನು ಮಾಡಿದರು ಗೊತ್ತಾ? ಪಾದರಕ್ಷೆಯನ್ನು ಬೆಳ್ಳಿಯದಾಗೇ ಇಟ್ಟು, ಮಾಟ ತಟ್ಟುವ ಹೊತ್ತಿಗೆ ಅದರ ಮೇಲೆ ಕೆಂಪು ಬೆಳಕು ಚೆಲ್ಲಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಹಾಡುಗಳನ್ನು ಮೊದಲೇ ಕೇಳಿಕೊಂಡು ಹೋಗಬೇಕಾ?

ಈ ಒಂದು ಪ್ರಶ್ನೆಗೆ ಗೆಳೆಯರ ನಡುವೆ ಜಗಳವೇ ಆಗುತ್ತದೆ. ನಾನು ಬೇಡ ಅನ್ನುವ ಕಡೆಯವನು. ಕಾರಣ ಹೇಳುತ್ತೇನೆ.

ಇಂಥ ಮ್ಯೂಸಿಕಲ್ ಕೈಯಲ್ಲಿ ಪುಸ್ತಕಕ್ಕೂ ಸಿನಿಮಾಕ್ಕೂ ಅಷ್ಟಾಗಿ ಸಿಗದ ಒಂದು ಅಸ್ತ್ರ ಇದೆ. ಅದು ಹಳೆಯ ರಾಗ. ಪಾತ್ರ ಏನೋ ಹೊಸ ಮಾತು ಆಡುತ್ತಿರುತ್ತದೆ. ಕೆಳಗೆ ಪಿಟ್‌ನಲ್ಲಿ, ಅಂದರೆ ವೇದಿಕೆಯ ಮುಂದೆ ಆರ್ಕೆಸ್ಟ್ರಾ ಕೂರುವ ತಗ್ಗಿನಲ್ಲಿ, ಒಂದು ಚೆಲ್ಲೋ (ಪಿಟೀಲಿನ ದೊಡ್ಡಣ್ಣ) ಮೆಲ್ಲಗೆ ಹಳೆಯ ಕಥೆಯ ಹಾಡಿನ ಎರಡು ಸಾಲು ನುಡಿಸುತ್ತದೆ. ಅವಳು ಬಾಯಲ್ಲಿ "ನಾನು ಅವನನ್ನು ಮರೆತಿದ್ದೇನೆ" ಅನ್ನುತ್ತಾಳೆ. ರಾಗ "ಸುಳ್ಳು" ಅನ್ನುತ್ತದೆ. ಈ ಪೆಟ್ಟು ಬೀಳಬೇಕಾದರೆ ಅದು ಬರುವುದು ನಿಮಗೆ ಗೊತ್ತಿರಬಾರದು. ಹೆಡ್‌ಫೋನ್ ಹಾಕಿಕೊಂಡು ನಲವತ್ತು ಸಲ ಕೇಳಿದ್ದರೆ ಆ ಜಾಗ ಬರುವ ಮೊದಲೇ ನೀವು ಕಾದು ಕೂತಿರುತ್ತೀರಿ.

'ವಿಕೆಡ್'ನಲ್ಲಿ ಇದರ ತುಂಬ ಜಾಣತನದ ಉದಾಹರಣೆ ಇದೆ. ನಾಯಕಿಯ ಕನಸಿನ ಜೊತೆ ಮತ್ತೆ ಮತ್ತೆ ಬರುವ ಒಂದು ಸಣ್ಣ ರಾಗದ ತುಣುಕು. ಅದರ ಮೊದಲ ಏಳು ಸ್ವರಗಳು 1939ರ ಸಿನಿಮಾದ ಕಾಮನಬಿಲ್ಲಿನ ಹಾಡಿನ ಮೊದಲ ಏಳು ಸ್ವರಗಳೇ. ಲಯ ಬೇರೆ ಇರುವುದರಿಂದ ಕಿವಿ ತಕ್ಷಣ ಗುರುತು ಹಿಡಿಯುವುದಿಲ್ಲ. ಸಂಗೀತ ಬರೆದ ಸ್ಟೀಫನ್ ಶ್ವಾರ್ಟ್ಸ್ ಅವರೇ ಈ ಕೀಟಲೆಯನ್ನು ಒಪ್ಪಿಕೊಂಡಿದ್ದಾರೆ. ಅದನ್ನು ಹಾಡುವುದು ಹಸಿರು ಮಾಟಗಾತಿ. ಹಳೆಯ ಕಥೆಯಲ್ಲಿ ಅದೇ ಸ್ವರಗಳಲ್ಲಿ ಕನಸು ಕಂಡಿದ್ದು ಅವಳ ಶತ್ರು ಡೊರೊಥಿ. ಇಬ್ಬರ ಕನಸಿಗೂ ಒಂದೇ ಬೇರು ಅನ್ನುವುದನ್ನು ಒಂದು ಮಾತೂ ಆಡದೆ ಹೇಳಿಬಿಟ್ಟರು.

ಹಾಗಾಗಿ ನನ್ನ ಸಲಹೆ: ಹಳೆಯ ಕಥೆಗೆ ಹಾಡುಗಳಿದ್ದರೆ ಅವನ್ನು ಚೆನ್ನಾಗಿ ಕೇಳಿಕೊಳ್ಳಿ. ಹೊಸದನ್ನು ಮುಟ್ಟಬೇಡಿ. ಶೋ ಮುಗಿದ ಮೇಲೆ ಮನಸ್ಸು ತೃಪ್ತಿಯಾಗುವಷ್ಟು ಕೇಳಿ. ಇನ್ನೊಂದು ವಿಷಯ, ಶೋನ ಕಲಾವಿದರೇ ಹಾಡಿ ಮುದ್ರಿಸಿದ ಕ್ಯಾಸ್ಟ್ ಆಲ್ಬಮ್‌ನಲ್ಲಿ ಕೊನೆಯ ಹಾಡುಗಳ ಹೆಸರು ನೋಡಿದರೇ ಯಾರು ಉಳಿದರು, ಯಾರು ಹೋದರು ಅಂತ ಗೊತ್ತಾಗಿಬಿಡುವುದುಂಟು. ಹೆಸರುಗಳ ಪಟ್ಟಿಯ ಮೇಲೂ ಕಣ್ಣು ಹಾಯಿಸಬೇಡಿ.

ಹಾಡಿನ ಭಾಷೆ ಸರಿಯಾಗಿ ಅರ್ಥವಾಗದಿದ್ದರೆ?

ಈ ಒಂದು ಸಂದರ್ಭದಲ್ಲಿ ಮೇಲಿನ ನಿಯಮ ಸಡಿಲ ಮಾಡಿ. ನಮ್ಮದಲ್ಲದ ಭಾಷೆಯಲ್ಲಿ ಆರು ಜನ ಒಟ್ಟಿಗೆ ಬೇರೆ ಬೇರೆ ಸಾಲು ಹಾಡಿದರೆ ಯಾರಿಗೂ ಅರ್ಥವಾಗುವುದಿಲ್ಲ. ಆ ಭಾಷೆ ಹುಟ್ಟಿನಿಂದ ಆಡುವವರಿಗೂ! ಮೊದಲ ಅಂಕದ ಎರಡು ಮೂರು ಹಾಡುಗಳನ್ನು ಸಾಹಿತ್ಯ ಮುಂದಿಟ್ಟುಕೊಂಡು ಕೇಳಿ. ಅಲ್ಲಿಗೆ ನಿಲ್ಲಿಸಿ. ಮಾತು, ಹಾಡಿನ ಸಾಲುಗಳನ್ನು ಪರದೆಯ ಮೇಲೆ ತೋರಿಸುವ, ಕ್ಯಾಪ್ಶನ್ ಇರುವ ಪ್ರದರ್ಶನ ಸಿಕ್ಕರೆ ಇನ್ನೂ ಒಳ್ಳೆಯದು.

ಮ್ಯೂಸಿಕಲ್ ಸೀಕ್ವೆಲ್‌ಗಳೆಲ್ಲ ಮಕಾಡೆ ಮಲಗುತ್ತವೆ ಅಂತಾರೆ. ನಿಜವಾ?

ಚರಿತ್ರೆ ನೋಡಿದರೆ ಆ ಮಾತಿನಲ್ಲಿ ಹುರುಳಿದೆ. ಅಮೆರಿಕದಲ್ಲಿ ಜೊತೆಯಾಗಿ ಹಾಡು ಕಟ್ಟುತ್ತಿದ್ದ ಗರ್ಶ್ವಿನ್ ಸೋದರರ 'ಆಫ್ ದೀ ಐ ಸಿಂಗ್' 1931ರಲ್ಲಿ ಬಂದು 441 ಪ್ರದರ್ಶನ ಕಂಡಿತು. ಪುಲಿಟ್ಜರ್ ಬಹುಮಾನ ಗೆದ್ದ ಮೊದಲ ಮ್ಯೂಸಿಕಲ್ ಅದು. ಅದೇ ತಂಡ 1933ರಲ್ಲಿ ಮುಂದಿನ ಕಥೆ ತಂದಿತು. 90 ಪ್ರದರ್ಶನಕ್ಕೆ ಬಾಗಿಲು ಹಾಕಿತು. 1960ರ 'ಬೈ ಬೈ ಬರ್ಡಿ' 607 ಪ್ರದರ್ಶನ ಓಡಿತ್ತು. 1981ರಲ್ಲಿ ಬಂದ ಅದರ ಮುಂದುವರಿಕೆ ಓಡಿದ್ದು ನಾಲ್ಕೇ ನಾಲ್ಕು! 'ಆ್ಯನಿ' 1977ರಿಂದ 2,377 ಪ್ರದರ್ಶನ ಕಂಡಿತು. ಅದರ ಎರಡನೆಯ ಭಾಗ ವಾಷಿಂಗ್ಟನ್‌ನಲ್ಲೇ 1990ರ ಜನವರಿಯಲ್ಲಿ ನಿಂತುಹೋಯಿತು. ನ್ಯೂಯಾರ್ಕಿನ ದೊಡ್ಡ ಥಿಯೇಟರ್‌ಗಳಿರುವ ಬ್ರಾಡ್‌ವೇ ಮುಖ ನೋಡಲೇ ಇಲ್ಲ.

'ಫ್ಯಾಂಟಮ್' ಬ್ರಾಡ್‌ವೇಯಲ್ಲಿ 1988ರಿಂದ 2023ರವರೆಗೆ 13,981 ಪ್ರದರ್ಶನ ಕಂಡಿತು. ಅದರ ಮುಂದಿನ ಭಾಗ ಲಂಡನ್ನಿನ ಅಡೆಲ್ಫಿ ಥಿಯೇಟರ್‌ನಲ್ಲಿ 2010ರ ಮಾರ್ಚ್‌ನಿಂದ 2011ರ ಆಗಸ್ಟ್‌ವರೆಗೆ ಉಳಿಯಿತು.

ಯಾಕೆ ಹೀಗೆ? ನನಗೆ ಅನ್ನಿಸುವುದು ಇದು. ಒಳ್ಳೆಯ ಮ್ಯೂಸಿಕಲ್ ಕೊನೆಯ ಹಾಡಿನಲ್ಲಿ ಎಲ್ಲ ಗಂಟುಗಳನ್ನೂ ಬಿಡಿಸಿ ಕಳಿಸುತ್ತದೆ. ಮುಂದಿನ ಭಾಗ ಬರೆಯಬೇಕಾದರೆ ಬಿಚ್ಚಿದ ಗಂಟನ್ನು ಮತ್ತೆ ಹಾಕಬೇಕು. ಸುಖವಾಗಿದ್ದವರನ್ನು ಅಳಿಸಬೇಕು. ನೋಡುವವರಿಗೆ ಸಿಟ್ಟು ಬರದೇ ಇರುತ್ತಾ? ಗೆದ್ದವುಗಳನ್ನು ನೋಡಿ. 'ವಿಕೆಡ್' ಯಾರ ಗಂಟನ್ನೂ ಮತ್ತೆ ಹಾಕಲಿಲ್ಲ. ನಾವು ನೋಡದೇ ಇದ್ದ ಕಡೆಗೆ ಕೈ ತೋರಿಸಿತು. 2003ರಲ್ಲಿ ಶುರುವಾದ ಅದು ಬ್ರಾಡ್‌ವೇಯಲ್ಲಿ ಇಪ್ಪತ್ತು ವರ್ಷ ದಾಟಿಯೂ ಓಡಿತು.

ಹಾಗಂತ ಸೋತದ್ದನ್ನೆಲ್ಲ ಕೆಟ್ಟದ್ದು ಅನ್ನಬೇಡಿ. 'ಲವ್ ನೆವರ್ ಡೈಸ್' 2011ರಲ್ಲಿ ಮೆಲ್ಬರ್ನ್‌ನಲ್ಲಿ ಹೊಸ ನಿರ್ದೇಶಕರ ಕೈಯಲ್ಲಿ, ಹೊಸ ರಂಗಸಜ್ಜಿಕೆಯಲ್ಲಿ ಮತ್ತೆ ಎದ್ದಿತು. ಅದನ್ನು ಚಿತ್ರೀಕರಿಸಿ ಬಿಡುಗಡೆಯನ್ನೂ ಮಾಡಿದರು. ಕಥೆ ಇಷ್ಟವಾಗದವರೂ ಅದರ ಸಂಗೀತ ಕೇಳುತ್ತಾರೆ. ಅವರಲ್ಲಿ ನಾನೂ ಒಬ್ಬ.

ನನ್ನ ಮೆಚ್ಚಿನ ಪಾತ್ರವನ್ನು ಕೆಡಿಸಿಬಿಟ್ಟಿದ್ದರೆ ಏನು ಮಾಡಲಿ?

ಬೈಯಿರಿ. ಅದಕ್ಕೂ ಒಂದು ಸುಖ ಇದೆ.

ಆದರೆ ಇಂಟರ್ವಲ್‌ನಲ್ಲೇ ತೀರ್ಪು ಕೊಡಬೇಡಿ. ಮೊದಲ ಅಂಕದಲ್ಲಿ ಪಾತ್ರವನ್ನು ಹಾಳು ಮಾಡಿದ ಹಾಗೆ ಕಾಣುವುದು ಎರಡನೆಯ ಅಂಕದಲ್ಲಿ ಎತ್ತಿ ನಿಲ್ಲಿಸುವುದಕ್ಕೇ ಇರಬಹುದು. ನಾನೊಮ್ಮೆ ಇಂಟರ್ವಲ್‌ನಲ್ಲಿ ಪಕ್ಕದವರಿಗೆ ಅರ್ಧ ಗಂಟೆಯ ಭಾಷಣವನ್ನು ಹದಿನೈದು ನಿಮಿಷದಲ್ಲಿ ಕೊಟ್ಟೆ. ಎರಡನೆಯ ಅಂಕದ ಕೊನೆಗೆ ಅವರ ಹತ್ತಿರವೇ ಕರವಸ್ತ್ರ ಕೇಳಬೇಕಾಯಿತು.

ಯಾವ ಆಸನ ಒಳ್ಳೆಯದು?

ಮುಂದಿನ ಸಾಲೇ ಉತ್ತಮ ಅನ್ನುವುದು ಭ್ರಮೆ. ತೀರಾ ಮುಂದೆ ಕೂತರೆ ವೇದಿಕೆಯ ಅಂಚು ಅಡ್ಡ ಬಂದು ಕುಣಿಯುವವರ ಪಾದ ಕಾಣುವುದಿಲ್ಲ. ಬೆವರು ಮಾತ್ರ ಚೆನ್ನಾಗಿ ಕಾಣುತ್ತದೆ. ಕೆಳ ಅಂತಸ್ತಿನ ನಡುವಿನ ಸಾಲುಗಳು, ಇಲ್ಲವೇ ಮೊದಲ ಮಹಡಿಯ ಮುಂದಿನ ಸಾಲುಗಳು ನನ್ನ ಆಯ್ಕೆ. ದೊಡ್ಡ ಕುಣಿತದ ಹಾಡುಗಳಲ್ಲಿ ನರ್ತಕರು ನೆಲದ ಮೇಲೆ ಬಿಡಿಸುವ ವಿನ್ಯಾಸ ಮೇಲಿನಿಂದಲೇ ಸರಿಯಾಗಿ ಕಾಣುವುದು.

ಕೆಳಗೆ ಕೂರುವಾಗ ಒಂದು ಎಚ್ಚರಿಕೆ. ಮೇಲಿನ ಮಹಡಿ ತಲೆಯ ಮೇಲೆ ಚಾಚಿಕೊಂಡಿರುವ ಹಿಂದಿನ ಸಾಲುಗಳಲ್ಲಿ ವೇದಿಕೆಯ ಮೇಲ್ಭಾಗ ಕತ್ತರಿಸಿ ಹೋಗುತ್ತದೆ. ಯಾರಾದರೂ ಹಾರುವ ಕಥೆಯಾದರೆ ಅವರು ಹಾರಿದ್ದು ಎಲ್ಲರಿಗೂ ಕಂಡು ನಿಮಗೊಬ್ಬರಿಗೆ ಕಾಣುವುದಿಲ್ಲ. ತೂಗುದೀಪದ ಗೊಂಚಲು ಮೇಲಿಂದ ಬೀಳುವ ಕಥೆಯಾದರೂ ಅಷ್ಟೇ.

ಟಿಕೆಟ್ ಮೇಲೆ "ನೋಟ ಸೀಮಿತ" ಅಂತ ಬರೆದಿದ್ದರೆ ನಂಬಿ. ನಾನು ನಂಬಲಿಲ್ಲ. ಒಂದು ಹಳೆಯ ಥಿಯೇಟರ್‌ನಲ್ಲಿ ಪೂರ್ತಿ ಎರಡೂವರೆ ಗಂಟೆ ಒಂದು ಕಬ್ಬಿಣದ ಕಂಬದ ಜೊತೆ ಸಂಸಾರ ಮಾಡಿದೆ. ನಾಯಕ ಎಡದಿಂದ ಹೋಗಿ ಬಲದಿಂದ ಬರುತ್ತಿದ್ದ. ನಡುವೆ ಏನು ಮಾಡಿದನೋ ದೇವರೇ ಬಲ್ಲ.

ಕಡಿಮೆ ದುಡ್ಡಿಗೆ ಟಿಕೆಟ್ ಸಿಗುವ ದಾರಿ ಇದೆಯಾ?

ಇದೆ. ಅನೇಕ ಶೋಗಳು ಅದೇ ದಿನದ ಕೆಲವು ಟಿಕೆಟ್‌ಗಳನ್ನು ಬೆಳಗ್ಗೆ ಕಡಿಮೆ ಬೆಲೆಗೆ ಮಾರುತ್ತವೆ. ಇದಕ್ಕೆ ರಶ್ ಅಥವಾ ಡೇ ಸೀಟ್ ಅನ್ನುತ್ತಾರೆ. ಕೆಲವು ಕಡೆ ಲಾಟರಿ ಇರುತ್ತದೆ. ಹೆಸರು ಕೊಟ್ಟು ಕಾಯಬೇಕು. ಕೆಲವು ಕಡೆ ಹಿಂದೆ ನಿಂತು ನೋಡುವ ಟಿಕೆಟ್. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ 1973ರಿಂದಲೂ ಅದೇ ದಿನದ ಟಿಕೆಟ್‌ಗಳನ್ನು ರಿಯಾಯಿತಿಯಲ್ಲಿ ಮಾರುವ ಕಟ್ಟೆಯೊಂದಿದೆ. ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲೂ ಅಂಥದ್ದೇ ಒಂದಿದೆ. ವಾರದ ನಡುವಿನ ಶೋಗಳು ಸಾಮಾನ್ಯವಾಗಿ ಅಗ್ಗ. ಒಬ್ಬರೇ ಹೋಗುವವರಿಗೆ ಅದೃಷ್ಟ ಜಾಸ್ತಿ. ಜೋಡಿಗಳ ನಡುವೆ ಉಳಿದ ಒಂಟಿ ಆಸನ ಕೊನೆಯ ಗಳಿಗೆಯಲ್ಲಿ ಸಿಗುತ್ತದೆ.

ಥಿಯೇಟರ್ ಬಾಗಿಲಲ್ಲಿ ನಿಂತು ಮಾರುವವರ ಹತ್ತಿರ ಮಾತ್ರ ಕೊಳ್ಳಬೇಡಿ.

ಪ್ರಿವ್ಯೂ ಪ್ರದರ್ಶನ ಅಂದರೇನು? ಅದಕ್ಕೆ ಹೋಗಬಹುದಾ?

ಅಧಿಕೃತವಾಗಿ ಶುರುವಾಗುವ ಮುಂಚಿನ ಕೆಲವು ವಾರ ಟಿಕೆಟ್ ಮಾರಿಯೇ ಪ್ರದರ್ಶನ ಮಾಡುತ್ತಾರೆ. ಜನ ಎಲ್ಲಿ ನಗುತ್ತಾರೆ, ಎಲ್ಲಿ ಕೆಮ್ಮುತ್ತಾರೆ ನೋಡಿಕೊಂಡು ಹಗಲು ತಿದ್ದುತ್ತಾರೆ, ರಾತ್ರಿ ಆಡುತ್ತಾರೆ. ನೀವು ನೋಡಿದ ಹಾಡು ಮುಂದಿನ ವಾರ ಇಲ್ಲದೇ ಹೋಗಬಹುದು. ಯಂತ್ರ ಕೈಕೊಟ್ಟು ಶೋ ನಡುವೆ ನಿಲ್ಲಲೂಬಹುದು. ಕಥೆಯ ಮುಂದುವರಿಕೆಯಾದರೆ ನನಗೆ ಪ್ರಿವ್ಯೂ ಇಷ್ಟ. ಇನ್ನೂ ಯಾರೂ ಏನನ್ನೂ ಬರೆದಿರುವುದಿಲ್ಲ. ಇಡೀ ಸಭಾಂಗಣಕ್ಕೆ ಮುಂದೇನು ಅಂತ ಗೊತ್ತಿರುವುದಿಲ್ಲ. ಆ ಕುತೂಹಲ ಆಮೇಲೆ ಸಿಗದು.

ಎಷ್ಟು ಹೊತ್ತು ಇರುತ್ತದೆ?

ಸಾಮಾನ್ಯವಾಗಿ ಎರಡೂವರೆ ಗಂಟೆ, ನಡುವೆ ಹದಿನೈದು ಇಪ್ಪತ್ತು ನಿಮಿಷದ ಒಂದು ಇಂಟರ್ವಲ್. 'ವಿಕೆಡ್' ಎರಡೂಮುಕ್ಕಾಲು ಗಂಟೆ. ತೀರಾ ಉದ್ದದ್ದೂ ಇವೆ. ಹ್ಯಾರಿ ಪಾಟರ್ ಕಥೆ ಮುಂದುವರಿದ ರಂಗಪ್ರಯೋಗ 2016ರಲ್ಲಿ ಲಂಡನ್ನಿನಲ್ಲಿ ಎರಡು ಭಾಗಗಳಾಗಿ ಬಂತು. ಪೂರ್ತಿ ಕಥೆ ಬೇಕೆಂದರೆ ಎರಡನ್ನೂ ನೋಡಬೇಕಿತ್ತು. (ಅದು ಮ್ಯೂಸಿಕಲ್ ಅಲ್ಲ, ನಾಟಕ. ಹಾಡು ಇರುತ್ತದೆ ಅಂತ ಹೋದವರನ್ನು ಕಂಡಿದ್ದೇನೆ.) ನ್ಯೂಯಾರ್ಕಿನಲ್ಲಿ 2021ರಿಂದ ಅದನ್ನೇ ಇಳಿಸಿ ಒಂದೇ ಪ್ರದರ್ಶನ ಮಾಡಿದರು. ಕೊನೆಯ ರೈಲಿನ ಸಮಯ ನೋಡಿಕೊಂಡು ಟಿಕೆಟ್ ತೆಗೆಯಿರಿ.

ಯಾವ ಬಟ್ಟೆ ಹಾಕಿಕೊಳ್ಳಲಿ?

ನಿಮಗೆ ಹಿತವಾದದ್ದು. ಒಂದು ಶಾಲೋ ಸ್ವೆಟರೋ ಇರಲಿ, ಎಸಿ ಜೋರಾಗಿರುತ್ತದೆ. ಕಥೆಯ ಪಾತ್ರದ ಹಾಗೆ ವೇಷ ಹಾಕಿಕೊಂಡು ಬರುವವರೂ ಇರುತ್ತಾರೆ. ಹಾಕಿಕೊಳ್ಳಿ, ಖುಷಿಯೇ. ಆದರೆ ಎತ್ತರದ ಟೊಪ್ಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳಿ. ಹಿಂದೆ ಕೂತವರೂ ದುಡ್ಡು ಕೊಟ್ಟಿದ್ದಾರೆ ಅಲ್ವಾ?

ಸ್ವಲ್ಪ ತಡವಾದರೆ ಒಳಗೆ ಬಿಡುತ್ತಾರಾ?

ತಕ್ಷಣ ಬಿಡುವುದಿಲ್ಲ. ಕಥೆಯಲ್ಲಿ ಒಂದು ಬಿಡುವು ಬರುವವರೆಗೆ ಹೊರಗೆ ನಿಲ್ಲಿಸುತ್ತಾರೆ. ಅದು ಐದು ನಿಮಿಷ ಇರಬಹುದು, ಇಪ್ಪತ್ತು ಇರಬಹುದು. ಕೆಲವು ಶೋಗಳಲ್ಲಿ ಇಂಟರ್ವಲ್‌ವರೆಗೂ ಕಾಯಬೇಕು. ಬ್ಯಾಗ್ ತಪಾಸಣೆ, ಆಸನ ಹುಡುಕುವುದು, ಶೌಚಾಲಯ ಎಲ್ಲ ಸೇರಿ ಮುಕ್ಕಾಲು ಗಂಟೆ ಮೊದಲೇ ಬನ್ನಿ.

ಇಂಥ ಶೋಗಳಲ್ಲಿ ತಡ ಮಾಡಿದರೆ ನಷ್ಟ ಜಾಸ್ತಿ. ತೆರೆ ಏಳುವ ಮೊದಲು ಆರ್ಕೆಸ್ಟ್ರಾ ನುಡಿಸುವ ಓವರ್ಚರ್‌ನಲ್ಲಿಯೋ ಮೊದಲ ದೃಶ್ಯದಲ್ಲಿಯೋ ಹಳೆಯ ಕಥೆಗೆ ಕೊಂಡಿ ಹಾಕಿರುತ್ತಾರೆ. ಅದು ತಪ್ಪಿದರೆ ಆಮೇಲೆ ರಾಗ ಮರಳಿ ಬಂದಾಗ ಏನು ಮರಳಿ ಬಂತು ಅಂತಲೇ ತಿಳಿಯುವುದಿಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಮೊದಲು ಶೋನ ವಯಸ್ಸಿನ ಸೂಚನೆ ನೋಡಿ. ನಾಲ್ಕೈದು ವರ್ಷಕ್ಕಿಂತ ಚಿಕ್ಕವರನ್ನು ಅನೇಕ ಥಿಯೇಟರ್‌ಗಳು ಒಳಗೇ ಬಿಡುವುದಿಲ್ಲ. ತೊಡೆಯ ಮೇಲೆ ಕೂರಿಸಿಕೊಳ್ಳುವ ಮಗುವಿಗೂ ಟಿಕೆಟ್ ಬೇಕಾಗಬಹುದು.

ಇಲ್ಲಿ ಜನ ಎಡವುವುದು ಇನ್ನೊಂದು ಕಡೆ. ಮೊದಲ ಕಥೆ ಮಕ್ಕಳದ್ದು, ಹಾಗಾಗಿ ಮುಂದಿನದೂ ಮಕ್ಕಳದ್ದೇ ಅಂದುಕೊಳ್ಳುತ್ತಾರೆ. ಆದರೆ ಮುಂದುವರಿದ ಕಥೆಯನ್ನು ಬರೆಯುವವರು ಆ ಮಕ್ಕಳ ಕಥೆ ಓದಿ ಬೆಳೆದ ದೊಡ್ಡವರು. ಅವರು ತಮ್ಮ ವಯಸ್ಸಿಗೆ ಬರೆಯುತ್ತಾರೆ. 'ವಿಕೆಡ್'ಗೆ ಮೂಲವಾದ ಕಾದಂಬರಿಯನ್ನಂತೂ ಮಕ್ಕಳ ಕೈಗೆ ಕೊಡುವ ಹಾಗೇ ಇಲ್ಲ. ಮ್ಯೂಸಿಕಲ್ ಎಷ್ಟೋ ಸೌಮ್ಯ.

ಎಂಟು ಹತ್ತು ವರ್ಷದವರಾದರೆ ಮಧ್ಯಾಹ್ನದ ಶೋ ತೆಗೆಯಿರಿ. ಎತ್ತರಕ್ಕೆ ಹಾಕುವ ಕುಶನ್ ಥಿಯೇಟರ್‌ನಲ್ಲೇ ಕೇಳಿದರೆ ಕೊಡುತ್ತಾರೆ.

ಮಿಂಚುವ ಬೆಳಕು, ಜೋರು ಸದ್ದು ಆಗದವರಿಗೆ? ಗಾಲಿಕುರ್ಚಿಯವರಿಗೆ?

ಮಿಂಚುವ ಬೆಳಕು, ಹೊಗೆ, ಗುಂಡಿನ ಸದ್ದು ಇದ್ದರೆ ಥಿಯೇಟರ್‌ನವರು ಮೊದಲೇ ಹೇಳಿರುತ್ತಾರೆ. ಮೂರ್ಛೆರೋಗ ಇರುವವರು ಇದನ್ನು ಖಂಡಿತ ಓದಿಕೊಳ್ಳಬೇಕು. ಗಾಲಿಕುರ್ಚಿಯ ಜಾಗಗಳು ಬೆರಳೆಣಿಕೆಯಷ್ಟು. ಬೇಗ ಕಾಯ್ದಿರಿಸಿ. ಹಳೆಯ ಥಿಯೇಟರ್‌ಗಳಲ್ಲಿ ಲಿಫ್ಟ್ ಇರದೇ ಇರಬಹುದು. ಮೇಲಿನ ಗ್ಯಾಲರಿಗೆ ಕಡಿದಾದ ಮೆಟ್ಟಿಲು.

ಕಿವಿ ಕೇಳದವರಿಗೆ ಸಂಜ್ಞಾಭಾಷೆಯ ಪ್ರದರ್ಶನ, ಕಣ್ಣು ಕಾಣದವರಿಗೆ ಕಿವಿಯಲ್ಲಿ ದೃಶ್ಯ ವಿವರಿಸುವ ಪ್ರದರ್ಶನ ಆಗಾಗ ಇರುತ್ತವೆ. ರಿಲ್ಯಾಕ್ಸ್ಡ್ ಪ್ರದರ್ಶನ ಅಂತಲೂ ಮಾಡುತ್ತಾರೆ. ಅಲ್ಲಿ ಬೆಳಕು ಪೂರ್ತಿ ಆರಿಸುವುದಿಲ್ಲ, ಸದ್ದು ಇಳಿಸಿರುತ್ತಾರೆ, ಎದ್ದು ಓಡಾಡಬಹುದು, ದನಿ ಮಾಡಬಹುದು. ಆಟಿಸಂ ಇರುವ ಮಕ್ಕಳ ಮನೆಯವರಿಗೆ ಇದು ದೊಡ್ಡ ನೆಮ್ಮದಿ.

ಒಂದೇ ಒಂದು ಫೋಟೋ ತೆಗೆದರೆ ಏನಾಗುತ್ತದೆ?

ಶೋ ನಡೆಯುವಾಗ ಬೇಡವೇ ಬೇಡ. ಹಕ್ಕುಸ್ವಾಮ್ಯದ ಮಾತು ಹಾಗಿರಲಿ. ಫ್ಲ್ಯಾಶ್ ಬಿದ್ದರೆ ಕತ್ತಲೆಯಲ್ಲಿ ಮೆಟ್ಟಿಲ ಮೇಲಿಂದ ಕುಣಿದು ಇಳಿಯುವವರ ಕಣ್ಣು ಕತ್ತಲಿಡುತ್ತದೆ. ಶುರುವಾಗುವ ಮೊದಲು ತೆರೆಯ ಮುಂದೆ ಫೋಟೋ ತೆಗೆದುಕೊಳ್ಳಿ. ಕೊನೆಯಲ್ಲಿ ಕಲಾವಿದರು ನಮಸ್ಕರಿಸುವಾಗ ಕೆಲವು ಕಡೆ ಬಿಡುತ್ತಾರೆ. ಫೋನ್ ಸೈಲೆಂಟ್ ಸಾಲದು, ಆಫ್ ಮಾಡಿ. ಕೈಗಡಿಯಾರ ಮಿನುಗುವಂಥದ್ದಾದರೆ ಅದನ್ನೂ.

ಜೊತೆಗೆ ಹಾಡಬಹುದಾ? ಚಪ್ಪಾಳೆ ಯಾವಾಗ?

ಹಾಡಬೇಡಿ. ಗುನುಗಬೇಡಿ ಕೂಡ. ಹಳೆಯ ರಾಗ ಬಂದಾಗ ಬಾಯಿ ತಾನಾಗೇ ತೆರೆಯುತ್ತದೆ, ಗೊತ್ತು. ಜೊತೆಗೆ ಹಾಡಲೆಂದೇ ಇಡುವ ವಿಶೇಷ ಪ್ರದರ್ಶನಗಳಿವೆ, ಅಲ್ಲಿ ಗಂಟಲು ಹರಿಯುವಂತೆ ಹಾಡಿ.

ಚಪ್ಪಾಳೆ ಹಾಡು ಮುಗಿದ ಮೇಲೆ. ಹಾಡು ಮುಗಿಯಿತಾ ಅನ್ನುವ ಅನುಮಾನ ಬಂದರೆ ಒಂದು ಕ್ಷಣ ತಡೆಯಿರಿ. ಕೆಲವೊಮ್ಮೆ ಆ ಮೌನವೂ ಬರೆದದ್ದೇ ಆಗಿರುತ್ತದೆ. ಅಭಿಮಾನಿಗಳು ತುಂಬಿದ ಶೋಗಳಲ್ಲಿ ಮೆಚ್ಚಿನ ಪಾತ್ರ ಬಂದು ನಿಂತ ತಕ್ಷಣ ಸೂರು ಹಾರುವ ಚಪ್ಪಾಳೆ ಬೀಳುತ್ತದೆ. ನಟರಿಗೂ ಅದು ಗೊತ್ತು. ಸುಮ್ನೆ ನಿಂತು ಕಾಯುತ್ತಾರೆ.

ನಾನು ನೋಡಬೇಕೆಂದಿದ್ದ ನಟಿ ಅವತ್ತು ರಜೆಯಂತೆ. ಮೋಸ ಹೋದೆನಾ?

ಬೇಜಾರು ಆಗುವುದು ಸಹಜ, ಆದರೆ ಮೋಸವೇನಿಲ್ಲ. ಬ್ರಾಡ್‌ವೇ ಮತ್ತು ಲಂಡನ್ನಿನ ವೆಸ್ಟ್ ಎಂಡ್‌ನಲ್ಲಿ ವಾರಕ್ಕೆ ಎಂಟು ಪ್ರದರ್ಶನ. ಎಂಟಕ್ಕೆ ಎಂಟೂ ಅಷ್ಟು ಎತ್ತರದ ಸ್ವರ ಮುಟ್ಟಲು ಯಾವ ಗಂಟಲಿಗೂ ಕಷ್ಟ. 'ಫ್ಯಾಂಟಮ್'ನಲ್ಲಿ ನಾಯಕಿ ಕ್ರಿಸ್ಟೀನ್ ಪಾತ್ರದ ಮುಖ್ಯ ನಟಿ ವಾರಕ್ಕೆ ಆರು ಸಲ ಹಾಡಿದರೆ, ಉಳಿದೆರಡು ಸಲ ಇನ್ನೊಬ್ಬರು ಹಾಡುವುದು ಮೊದಲಿನಿಂದ ಬಂದ ಪದ್ಧತಿ.

ಬದಲಿ ಕಲಾವಿದರಲ್ಲೂ ಬಗೆಗಳಿವೆ. ಅಂಡರ್‌ಸ್ಟಡಿ ದಿನವೂ ಸಣ್ಣ ಪಾತ್ರ ಮಾಡುತ್ತಾ ದೊಡ್ಡ ಪಾತ್ರವನ್ನು ಕಲಿತಿಟ್ಟುಕೊಂಡಿರುತ್ತಾರೆ. ಸ್ಟ್ಯಾಂಡ್‌ಬೈ ಆದವರು ಕರೆ ಬಂದರೆ ಮಾತ್ರ ವೇದಿಕೆಗೆ. ಇವರೆಲ್ಲರಿಗಿಂತ ನನಗೆ ಅಚ್ಚರಿ ಹುಟ್ಟಿಸುವವರು ಸ್ವಿಂಗ್‌ಗಳು. ಗುಂಪಿನ ಎಂಟೋ ಹತ್ತೋ ಜನರ ಹೆಜ್ಜೆ, ಸ್ವರ, ಬಟ್ಟೆ ಬದಲಿಸುವ ಜಾಗ ಎಲ್ಲ ಒಬ್ಬರ ತಲೆಯಲ್ಲೇ. ಯಾರ ಕಾಲು ಉಳುಕಿದರೂ ಅವರ ಜಾಗಕ್ಕೆ ಇವರು. ಬೆಳಗ್ಗೆ ಒಬ್ಬರಾಗಿ, ಸಂಜೆ ಇನ್ನೊಬ್ಬರಾಗಿ ಕುಣಿದದ್ದೂ ಇದೆ.

ನಾನು ನೋಡಿದ ಅತ್ಯಂತ ಒಳ್ಳೆಯ ಹಾಡುಗಾರಿಕೆಗಳಲ್ಲಿ ಎರಡು ಬದಲಿ ಕಲಾವಿದರದ್ದು. ಹೆಸರಾಂತ ನಟಿಗಾಗಿಯೇ ಹೋಗುವುದಾದರೆ ಅವರು ಯಾವ ದಿನ ಇರುತ್ತಾರೆ ಅಂತ ಮೊದಲೇ ವಿಚಾರಿಸಿ.

ಇಂಟರ್ವಲ್‌ನಲ್ಲಿ ಏನು ಮಾಡಬೇಕು?

ಶೌಚಾಲಯಕ್ಕೆ ಓಡಿ. ಸಾಲು ನೋಡಿದ ಮೇಲೆ ನನ್ನ ಮಾತು ನೆನಪಾಗುತ್ತದೆ. ಮತ್ತೆ, ಫೋನ್ ತೆಗೆದು "ಕೊನೆಗೆ ಏನಾಗುತ್ತದೆ" ಅಂತ ಹುಡುಕಬೇಡಿ.

ಕಲಾವಿದರನ್ನು ಭೇಟಿ ಮಾಡಬಹುದಾ?

ಶೋ ಮುಗಿದ ಮೇಲೆ ಸ್ಟೇಜ್ ಡೋರ್ ಹತ್ತಿರ, ಅಂದರೆ ಕಲಾವಿದರು ಹೋಗಿಬರುವ ಬಾಗಿಲಲ್ಲಿ, ಕಾಯುವ ರೂಢಿ ಇದೆ. ಬಂದರೆ ಕಾರ್ಯಕ್ರಮ ಪುಸ್ತಕದ ಮೇಲೆ ಸಹಿ ಹಾಕಿಸಿಕೊಳ್ಳಿ. ಬರದಿದ್ದರೆ ಗೊಣಗಬೇಡಿ, ಅದು ಅವರ ಕೆಲಸದ ಭಾಗವಲ್ಲ. ಮೂರು ಗಂಟೆ ಹಾಡಿದವರ ಹತ್ತಿರ "ಆ ಪಾತ್ರ ಹಾಗೆ ಮಾಡಬಾರದಿತ್ತು" ಅಂತ ವಾದಕ್ಕೂ ನಿಲ್ಲಬೇಡಿ. ಕಥೆ ಬರೆದವರು ಅವರಲ್ಲ.

ಅಳು ಬಂದರೆ?

ಅಳಿ. ಕತ್ತಲಿರುತ್ತದೆ.

ಮುಗಿದ ತಕ್ಷಣ ಎದ್ದು ಹೊರಡಬಹುದಾ?

ಕಲಾವಿದರು ನಮಸ್ಕರಿಸಿ ತೆರೆ ಬಿದ್ದ ಮೇಲೆ ದೀಪ ಹತ್ತುತ್ತದೆ, ಎಲ್ಲರೂ ಬ್ಯಾಗ್ ಹುಡುಕಲು ಶುರು ಮಾಡುತ್ತಾರೆ. ಆಗ ಆರ್ಕೆಸ್ಟ್ರಾ ಇನ್ನೂ ನುಡಿಸುತ್ತಲೇ ಇರುತ್ತದೆ. ಎಲ್ಲ ಶೋಗಳಲ್ಲೂ ಅಲ್ಲ, ಆದರೆ ಬಹಳಷ್ಟರಲ್ಲಿ. ಅವತ್ತಿನ ಹಾಡುಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿ ಎರಡು ಮೂರು ನಿಮಿಷ ನುಡಿಸುತ್ತಾರೆ. ಹೆಚ್ಚಿನವರು ಅಷ್ಟರಲ್ಲಿ ಬಾಗಿಲು ದಾಟಿರುತ್ತಾರೆ. ನೀವು ಕೂತಿರಿ. ಇಲ್ಲವೇ ಮುಂದೆ ಹೋಗಿ ಪಿಟ್‌ನ ಕಟ್ಟೆಯ ಮೇಲಿಂದ ಬಗ್ಗಿ ನೋಡಿ. ಇಷ್ಟು ಹೊತ್ತು ಕಾಣದೇ ಇದ್ದ ಚೆಲ್ಲೋದವರು ಅಲ್ಲಿ ಕೂತಿರುತ್ತಾರೆ, ನಿಮ್ಮ ಹಳೆಯ ಹಾಡಿನ ಆ ಎರಡು ಸಾಲನ್ನು ಇನ್ನೊಮ್ಮೆ ನುಡಿಸುತ್ತಾ. ಕೊನೆಯ ಸ್ವರ ಮುಗಿದ ಮೇಲೆ ಅಲ್ಲಿ ನಿಂತ ನಾಲ್ಕೈದು ಜನ ಚಪ್ಪಾಳೆ ತಟ್ಟುತ್ತಾರೆ. ಅವರು ತಲೆಯೆತ್ತಿ ನೋಡಿ ನಗುತ್ತಾರೆ, ವಾದ್ಯವನ್ನು ಪೆಟ್ಟಿಗೆಗೆ ಇಡುತ್ತಾರೆ.